ಒಂಬತ್ತು ಸಾವಿರ ದೃಷ್ಟಿಬೊಟ್ಟು

ನಮ್ಮ ಅಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ. ಆಗ ಅಲೆಮಂಗಲ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ನಡುವೆ ಒಂದು ಕೆರೆ. ಕೆರೆ ಅಂದರೆ ನಿಮ್ಮೂರಿನ ಕೆರೆ ಅಂದುಕೊಂಡೀರಿ! ಈ ದಡದಲ್ಲಿ ನಿಂತರೆ ಆ ದಡ ಕಾಣುತ್ತಿರಲಿಲ್ಲ. ಹೆಸರಿಡುವ ಗೋಜಿಗೂ ಹೋಗದೆ ಜನ ಅದನ್ನು ದೊಡ್ಡನೀರು ಅಂತಲೇ ಕರೆಯುತ್ತಿದ್ದರು. ದೊಡ್ಡನೀರಿನ ಉತ್ತರದ ದಡದಲ್ಲಿ ಅರಮನೆ, ಅರಮನೆಯ ಮಗ್ಗುಲಲ್ಲಿ ಕೌತುಕಶಾಲೆ, ಅದರ ಕೆಳಗೆ ನೀರಿನ ಅಂಚಿನಲ್ಲಿ ಅಂಬಿಗರ ಕೇರಿ.

ಕೌತುಕಶಾಲೆ ಕಟ್ಟಿಸಿದವನು ಹಿರಿಯ ಅರಸ. ಅವನಿಗೆ ಚಿನ್ನದ ಹುಚ್ಚಿರಲಿಲ್ಲ, ಯುದ್ಧದ ಹುಚ್ಚೂ ಇರಲಿಲ್ಲ. ಈ ಲೋಕ ಹೇಗೆ ನಡೆಯುತ್ತದೆ ಅಂತ ತಿಳಿಯುವ ಹುಚ್ಚು. ಹೊತ್ತು ಅಳೆಯುವ ಬಟ್ಟಲು, ನಕ್ಷತ್ರ ಅಳೆಯುವ ಬಳೆ, ದೂರದ್ದನ್ನು ಹತ್ತಿರ ತೋರಿಸುವ ಗಾಜು, ಒಳಗೆ ಮೀನಿನ ಅಚ್ಚಿರುವ ಕಲ್ಲು, ಸಾವಿರ ಬಗೆಯ ಬೀಜ. ಯಾರು ಏನು ಮಾಡಿದರೂ, ಯಾರಿಗೆ ಏನು ಸಿಕ್ಕಿದರೂ, ಅವನು ಕೈಮುಗಿದು ಕೇಳಿ ತರುತ್ತಿದ್ದ. ತಾನೇ ಕೂತು ಒಂದೊಂದಕ್ಕೂ ಓಲೆಯ ಚೀಟಿ ಬರೆದು ಕಟ್ಟುತ್ತಿದ್ದ. ಇದು ಏನು, ಮಾಡಿದವರು ಯಾರು. ಕೊನೆಯಲ್ಲಿ ಎಲ್ಲ ಚೀಟಿಗೂ ಒಂದೇ ಮಾತು: ‘ನೋಡಬಂದವರಿಗೆಲ್ಲ ಸೇರಿದ್ದು.’ ಹಾಗೆ ಒಂಬತ್ತು ಸಾವಿರ ಸಾಮಾನು ಕೂಡಿದವು.

ಹಿರಿಯ ಅರಸ ತೀರಿಕೊಂಡ. ಮೊಮ್ಮಗ ಬೆಟ್ಟರಸ ಪಟ್ಟಕ್ಕೆ ಬಂದಾಗ ಅವನಿಗೆ ಏಳೇ ವರ್ಷ. ಕೌತುಕಶಾಲೆಯ ಬೀಗದ ಕೈ ಮುಸುಕಯ್ಯ ಅನ್ನುವವನ ಸೊಂಟಕ್ಕೆ ಬಂತು. ಅವನು ಮಾಂತ್ರಿಕ. ಅವನ ಮಾತು ಬೆಲ್ಲ, ಮೈಮೇಲೆ ಸದಾ ಕರೀ ಬಟ್ಟೆ, ಬಲಗೈ ಹೆಬ್ಬೆರಳಿನ ಮೇಲೆ ಅಡ್ಡಕ್ಕೆ ಒಂದು ಹಳೇ ಗಾಯದ ಗೆರೆ. ಆ ಗೆರೆ ನೆನಪಿಟ್ಟುಕೊಳ್ಳಿ, ಆಮೇಲೆ ಕೇಳಬೇಡಿ.

ಈಗ ಅಲೆಮಂಗಲದ ಜನರ ಒಂದು ಸಂಗತಿ ಹೇಳಬೇಕು. ಅವರಿಗೆ ದೃಷ್ಟಿಯ ಭಯ ವಿಪರೀತ. ಮಗು ಎರಡು ಸಲ ಸೀನಿದರೆ ಸಾಕು, ಮೂರನೆಯ ಸೀನಿಗೆ ಮೊದಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಆಗಿರುತ್ತಿತ್ತು. ನಗಬೇಡಿ. ನಿಮ್ಮ ಮನೆ ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟಿಲ್ಲವಾ?

ಒಂದು ಹಬ್ಬದ ದಿನ ಊರಿಗೆ ಊರೇ ಕೌತುಕಶಾಲೆಗೆ ಬಂದಿತ್ತು. ಹೊತ್ತಿನ ಬಟ್ಟಲಿನ ಸುತ್ತ ಜನವೋ ಜನ. ಅದು ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ಹಂಡೆಯ ನೀರಿನ ಮೇಲೆ ತೇಲಿಬಿಟ್ಟರೆ, ತೂತಿನಿಂದ ನೀರು ತುಂಬಿ, ಒಂದು ಗಳಿಗೆಗೆ ಸರಿಯಾಗಿ ಮುಳುಗಬೇಕು. ಮುಳುಗಿದ ಕೂಡಲೇ ಪಕ್ಕದ ತಾಮ್ರದ ಹುಂಜ ಕೂಗಬೇಕು. ಆ ದಿನ ಬಟ್ಟಲು ಮುಳುಗಲಿಲ್ಲ. ಹುಂಜ ಕೂಗಲಿಲ್ಲ.

“ಕಣ್ಣು ತಾಗಿತು!” ಅಂತ ಮುಸುಕಯ್ಯ ಎದೆ ಎದೆ ಬಡಿದುಕೊಂಡ. “ಅಯ್ಯೋ, ಇಷ್ಟು ಜನರ ಕಣ್ಣು ಬಿದ್ದರೆ ತಾಮ್ರವಾದರೂ ಉಳಿದೀತಾ? ದಿನಕ್ಕೊಂದು ಸಾಮಾನು ಹೀಗೇ ಸಾಯುತ್ತೆ!”

ದೃಷ್ಟಿ ಅಂದಮೇಲೆ ಮುಗಿಯಿತು. ಅಂದೇ ಒಂಬತ್ತು ಸಾವಿರ ಸಾಮಾನಿಗೂ ಕರೀ ಬಟ್ಟೆ ಸುತ್ತಿ ಮೂರು ನೆಲಮಾಳಿಗೆಗಳಿಗೆ ಇಳಿಸಿದರು. ಮೂರು ಬಾಗಿಲಿಗೆ ಮೂರು ಮಾಯಾಜೀವಿಗಳನ್ನು ಮುಸುಕಯ್ಯ ಕಾವಲಿಟ್ಟ. ಮೇಲಿನ ಅಂಗಳದಲ್ಲಿ ಜನರ ಕಣ್ಣೊರೆಸಲು ಉಳಿದದ್ದು ಒಂಬತ್ತೇ ಒಂಬತ್ತು ಮಡಕೆ.

ನಿಜ ಏನು ಗೊತ್ತಾ? ಯಾರೂ ನೋಡದ ಸಾಮಾನು ನಿಟ್ಟುಸಿರು ಬಿಡುತ್ತದೆ. ಆ ನಿಟ್ಟುಸಿರು ಮಂಜಾಗುತ್ತದೆ. ಮುಸುಕಯ್ಯ ದಿನಾ ಬೆಳಗ್ಗೆ ಆ ಮಂಜನ್ನು ಸೋರೆಬುರುಡೆಯಲ್ಲಿ ಹಿಡಿದು ಕುಡಿಯುತ್ತಿದ್ದ. ಅದಕ್ಕೇ ನೂರನಲವತ್ತು ವರ್ಷವಾದರೂ ಅವನ ಮುಖದಲ್ಲಿ ಒಂದೂ ಸುಕ್ಕಿರಲಿಲ್ಲ. ಅವನು ಕುಡಿದು ಮಿಕ್ಕ ಮಂಜು ನೆಲಮಾಳಿಗೆಯ ಕಿಂಡಿಗಳಿಂದ ಹರಿದು ದೊಡ್ಡನೀರಿನ ಮೇಲೆ ಕೂರುತ್ತಿತ್ತು. ನಲವತ್ತು ವರ್ಷ ಕೂತು ಕೂತು ಅದು ಹೆಪ್ಪುಗಟ್ಟಿದ ಮೊಸರಿನ ಹಾಗಾಯಿತು.

ಆ ವರ್ಷ ಅಂಬಿಗರ ಕಾಳಿಂಗಪ್ಪ ಹನ್ನೊಂದು ದೋಣಿಗಳ ಜೊತೆ ನಡುಗಡ್ಡೆಗೆ ಜೊಂಡು ಕೊಯ್ಯಲು ಹೋದ. ಬರುವಾಗ ಮಂಜು ಮುಚ್ಚಿಕೊಂಡಿತು. ಹನ್ನೆರಡು ದೋಣಿಯೂ ನೀರಿನ ನಡುವೆ ಎಲ್ಲೋ ಸಿಕ್ಕಿಬಿದ್ದವು.

ಕಾಳಿಂಗಪ್ಪನ ಮಗಳು ಚೆನ್ನಾಜಿ. ಇಪ್ಪತ್ತರ ಹುಡುಗಿ, ಬಲೆ ಹೆಣೆಯುವ ಕೈ, ಹುಟ್ಟು ಹಾಕುವ ತೋಳು. ಅವಳು ದಡದಲ್ಲಿ ನಿಂತು ಕಿವಿಗೊಟ್ಟಳು. ಮಂಜಿನೊಳಗಿಂದ ಅಪ್ಪನ ಕೂಗು ಬಂತು: “ಚೆನ್ನಾಜೀ, ನನ್ ಮಗಳೇ, ದಡ ಎಲ್ಲವ್ವಾ?”

“ಇಲ್ಲೇ ಇದೀನಿ ಅಪ್ಪಾ!” ಅಂತ ಇವಳು ಕೂಗಿದಳು. ಮಂಜು ಆ ಕೂಗನ್ನು ಹತ್ತು ಕಡೆಗೆ ಚೆಲ್ಲಿಬಿಟ್ಟಿತು.

ಮರುದಿನ ಕೂಗು ಬಂತು: “ನನ್ ಮಗಳೇ, ದಡ ಎಲ್ಲವ್ವಾ?” ಹೆಸರು ಇರಲಿಲ್ಲ. ಮೂರನೆಯ ದಿನ: “ದಡ ಎಲ್ಲವ್ವಾ?” ಮಗಳೂ ಇರಲಿಲ್ಲ. ನಾಲ್ಕನೆಯ ದಿನ: “ಎಲ್ಲವ್ವಾ?” ಅಷ್ಟೇ.

ಚೆನ್ನಾಜಿಯ ಅಜ್ಜಿ ಗಿರಿಯವ್ವ ಕೈಯಲ್ಲಿದ್ದ ಬಲೆ ಕೆಳಗಿಟ್ಟಳು. “ಇದು ಬರೀ ಮಂಜಲ್ಲ ಕಣೇ. ನನ್ನ ಮಗನ ನೆನಪು ತಿಂತಾ ಇದೆ. ಅವನು ಕೂಗೋದನ್ನೂ ಮರೆತ ದಿನ, ಅವನು ನಮ್ಮವನಲ್ಲ,” ಅಂದಳು. ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅತ್ತು ಮುಗಿಸಿ ಅವಳೇ ಹೇಳಿದಳು: “ನಮ್ಮತ್ತೆ ಸಾತವ್ವ ಒಂದು ಕಬ್ಬಿಣದ ಮೀನು ಬಡಿದಿದ್ದಳು. ಎಣ್ಣೆ ಬಟ್ಟಲಲ್ಲಿ ತೇಲಿಬಿಟ್ಟರೆ ಯಾವಾಗಲೂ ಉತ್ತರಕ್ಕೇ ತಲೆ ಮಾಡೋದು. ಅದೊಂದಿದ್ದರೆ ಮಂಜಲ್ಲೂ ಹೋಗಿಬರಬಹುದು. ಹಿರಿಯ ಅರಸರು ಕೇಳಿ ತಗೊಂಡು ಹೋದರು. ‘ನಿಮಗೆ ಬೇಕಾದಾಗ ಬನ್ನಿ ತಾಯಿ’ ಅಂದಿದ್ದರು.”

“ಹಾಗಾದರೆ ಹೋಗಿ ಕೇಳ್ತೀನಿ,” ಅಂದಳು ಚೆನ್ನಾಜಿ.

ಅಜ್ಜಿ ಕಾಡಿಗೆ ಡಬ್ಬಿ ತೆಗೆದು ಮೊಮ್ಮಗಳ ಕೆನ್ನೆಗೆ ಒಂದು ದೃಷ್ಟಿಬೊಟ್ಟು ಇಟ್ಟು, ಡಬ್ಬಿಯನ್ನೂ ಅವಳ ಮಡಿಲಿಗೆ ಹಾಕಿ ಕಳಿಸಿದಳು.

ಬೆಟ್ಟರಸನ ಒಡ್ಡೋಲಗ ನೋಡಬೇಕಿತ್ತು ನೀವು. ಸಿಂಹಾಸನದ ಮೇಲೆ ನಿಂಬೆಹಣ್ಣು, ಕೆಳಗೆ ಮೆಣಸಿನಕಾಯಿ ಸರ. ಅರಸನಿಗೆ ನಲವತ್ತೇಳು ವರ್ಷ, ಗುಂಡಗಿನ ಮೈ, ಎರಡು ಕೆನ್ನೆಗೂ ಎರಡು ದೃಷ್ಟಿಬೊಟ್ಟು. ಕೆಟ್ಟವನಲ್ಲ ಪಾಪ, ಹೆದರುಪುಕ್ಕಲ. ಚೆನ್ನಾಜಿ ಎಲ್ಲ ಹೇಳಿ, ಮೀನು ಕೊಡಿ ಅಂದಳು.

ಅರಸ ಮುಸುಕಯ್ಯನ ಮುಖ ನೋಡಿದ. ಮುಸುಕಯ್ಯ ಮೆಲ್ಲಗೆ ನಕ್ಕ. “ಇದೆ ತಂಗೀ, ಮೂರನೇ ನೆಲಮಾಳಿಗೆಯಲ್ಲಿದೆ. ಮೂರು ಬಾಗಿಲು ದಾಟಿ ಹೋಗಿ ತಗೊಳ್ಳೋದಾದರೆ ತಗೋ. ನಾನೇಕೆ ಬೇಡ ಅನ್ನಲಿ?” ಮನಸ್ಸಿನಲ್ಲಿ ಅಂದುಕೊಂಡದ್ದೇ ಬೇರೆ: ಮೂರನೇ ಮಾಳಿಗೆಗೆ ಹೋದವಳು ತಾನು ಯಾರು ಅನ್ನೋದನ್ನೇ ಮರೆಯುತ್ತಾಳೆ. ಮನುಷ್ಯರ ನಿಟ್ಟುಸಿರು ಇನ್ನೂ ರುಚಿ.

ಚೆನ್ನಾಜಿ ಒಂದು ಕೈಯಲ್ಲಿ ಹುಟ್ಟು, ಒಂದು ಕೈಯಲ್ಲಿ ದೀಪ ಹಿಡಿದು ಮೆಟ್ಟಿಲಿಳಿದಳು.

ಮೊದಲನೇ ಬಾಗಿಲಲ್ಲಿ ಒಂದು ಹುಲಿ. ಬೆಂಕಿಯಂಥ ಕಣ್ಣು. “ನನ್ನನ್ನ ನೋಡೋಕೆ ಬಂದ್ಯಾ, ಕದಿಯೋಕೆ ಬಂದ್ಯಾ?” ಅಂತ ಗುಡುಗಿತು. ಚೆನ್ನಾಜಿ ಹುಟ್ಟು ಎತ್ತಿದಳು. ಎತ್ತಿದವಳು ಹಾಗೇ ನಿಂತಳು, ಯಾಕೆಂದರೆ ಹುಲಿಯ ಹೊಟ್ಟೆಯ ಹೊಲಿಗೆ ಬಿಟ್ಟು ಒಳಗಿನ ಹುಲ್ಲು ನೆಲಕ್ಕೆ ಜೋತುಬಿದ್ದಿತ್ತು.

“ಅಯ್ಯೋ ಹುಲಿಯಣ್ಣ, ನಿನ್ನ ಕರುಳೆಲ್ಲ ಆಚೆ ಬಂದಿದೆಯಲ್ಲೋ! ನೋಡೋಕೇ ಬಂದೆ. ಮಲಗು, ಮೊದಲು ಹೊಲೀತೀನಿ.”

ಹುಲಿ ಬೆಪ್ಪಾಯಿತು. ಬೆಪ್ಪಾಗಿ ಮಲಗಿತು. ಸೊಂಟದಲ್ಲಿದ್ದ ಬಲೆಯ ಸೂಜಿ ತೆಗೆದು ಅವಳು ಹೊಲಿಯುತ್ತಾ ಕೇಳಿದಳು, “ನಿನ್ನನ್ನ ಕೌತುಕಶಾಲೆಗೆ ಯಾಕೆ ತಂದಿದ್ದು?”

“ಮಕ್ಕಳು ನನ್ನ ಪಟ್ಟೆ ಎಣಿಸಲಿ ಅಂತ. ಒಂದು ಹುಲಿಯ ಪಟ್ಟೆ ಇನ್ನೊಂದರ ಹಾಗಿರೋದಿಲ್ಲ, ಗೊತ್ತಾ? ನಲವತ್ತು ವರ್ಷದಿಂದ ಯಾರೂ ಎಣಿಸಿಲ್ಲ.”

ಚೆನ್ನಾಜಿ ಎಣಿಸಿದಳು. ಕಿವಿಯಿಂದ ಬಾಲದವರೆಗೆ, ಬೆರಳಿಟ್ಟು, ಒಂದೂ ಬಿಡದೆ. ಎಣಿಸಿ ಮುಗಿಯುವ ಹೊತ್ತಿಗೆ ಹುಲಿಯ ಮೈ ಮಿರಮಿರ ಮಿನುಗಿತು, ಬಾಗಿಲು ತಾನೇ ತೆರೆಯಿತು. ಹುಲಿ ಅವಳ ಹಿಂದೆ ಹೊರಟಿತು.

ಎರಡನೇ ಬಾಗಿಲಲ್ಲಿ ಆಳೆತ್ತರದ ತಾಮ್ರದ ಹುಂಜ. ಒಂದು ರೆಕ್ಕೆ ಎತ್ತಿದ್ದು ಎತ್ತಿದ ಹಾಗೇ ಇತ್ತು. “ನನ್ನನ್ನ ನೋಡೋಕೆ ಬಂದ್ಯಾ, ಕದಿಯೋಕೆ ಬಂದ್ಯಾ?”

“ನೋಡೋಕೆ.”

“ಹಾಗಾದರೆ ಹೇಳು, ಈಗ ಎಷ್ಟು ಗಳಿಗೆ? ತಪ್ಪಿದರೆ ನನ್ನ ಹಾಗೇ ನಿಂತಲ್ಲೇ ನಿಂತುಬಿಡ್ತೀಯ.”

ನೆಲಮಾಳಿಗೆಯಲ್ಲಿ ಸೂರ್ಯನಿಲ್ಲ, ನೆರಳಿಲ್ಲ. ಬಾಯಿಗೆ ಬಂದದ್ದು ಹೇಳಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿತು. ನೀವಾದರೂ ಅದೇ ಮಾಡುತ್ತಿದ್ದಿರಿ. ಚೆನ್ನಾಜಿ ಮಾತ್ರ, “ನನಗೆ ಗೊತ್ತಿಲ್ಲಪ್ಪ. ಗಳಿಗೆ ಹೇಳಬೇಕಾದವನು ನೀನು. ನಿನಗೇನಾಗಿದೆ, ಅದನ್ನು ಹೇಳು,” ಅಂದಳು.

“ನಲವತ್ತು ವರ್ಷದಲ್ಲಿ ಆ ಮಾತು ಕೇಳಿದವಳು ನೀನೊಬ್ಬಳೇ,” ಅಂದಿತು ಹುಂಜ. “ಎಲ್ಲರೂ ಕಣ್ಣು ತಾಗಿತು ಅಂದರು. ಬಟ್ಟಲನ್ನು ತಿರುಗಿಸಿ ನೋಡಿದವರು ಯಾರೂ ಇಲ್ಲ.”

ಪಕ್ಕದಲ್ಲೇ ಬಟ್ಟಲು ಬಿದ್ದಿತ್ತು. ಅವಳು ತಿರುಗಿಸಿದಳು. ತಳದ ತೂತಿಗೆ ಯಾರೋ ಕರೀ ಮೇಣ ಒತ್ತಿದ್ದರು. ಸೂಜಿಯಿಂದ ಎಬ್ಬಿಸಿದಳು. ಮೇಣ ಇಡಿಯಾಗಿ ಎದ್ದು ಬಂತು. ದೀಪದ ಹತ್ತಿರ ಹಿಡಿದರೆ ಅದರ ಮೇಲೆ ಹೆಬ್ಬೆರಳಿನ ಗುರುತು, ಗುರುತಿನ ಅಡ್ಡಕ್ಕೆ ಒಂದು ಗಾಯದ ಗೆರೆ. ಎಲಾ ಮುಸುಕಯ್ಯ! ಅವಳು ಮೇಣವನ್ನು ಜೋಪಾನವಾಗಿ ಕಾಡಿಗೆ ಡಬ್ಬಿಯ ಮುಚ್ಚಳದಲ್ಲಿಟ್ಟಳು. ಹಂಡೆಗೆ ನೀರು ಸುರಿದು ಬಟ್ಟಲು ತೇಲಿಬಿಟ್ಟಳು. ಒಂದು ಗಳಿಗೆ ಕಾದಳು. ಬಟ್ಟಲು ಗುಳುಕ್ಕನೆ ಮುಳುಗಿತು. ಹುಂಜ ರೆಕ್ಕೆ ಬಡಿದು ನೆಲಮಾಳಿಗೆ ಅದುರುವ ಹಾಗೆ ಕೂಗಿತು. ಎರಡನೇ ಬಾಗಿಲು ತೆರೆಯಿತು.

“ನೀನು ಹೋಗು,” ಅಂದಿತು ಹುಂಜ. “ಬಟ್ಟಲು ಮುಳುಗಿದಾಗೆಲ್ಲ ಹುಲಿ ಮತ್ತೆ ತೇಲಿಬಿಡಲಿ. ನಾನು ಕೂಗ್ತಾ ಇರ್ತೀನಿ.”

ಮೂರನೇ ಬಾಗಿಲಲ್ಲಿ ಕಾವಲೇ ಕಾಣಲಿಲ್ಲ. ಯಾರೂ ಏನೂ ಕೇಳಲಿಲ್ಲ. ಒಳಗೆ ಬರೀ ಮಂಜು, ಮಂಜಿನಲ್ಲಿ ಕರೀ ಬಟ್ಟೆಯ ಗಂಟುಗಳು, ಸಾಲು ಸಾಲು. ನಾಲ್ಕು ಹೆಜ್ಜೆ ಇಟ್ಟಳು, ಅಜ್ಜಿಯ ಮುಖ ಮರೆಯಿತು. ಇನ್ನು ನಾಲ್ಕು ಹೆಜ್ಜೆ, ಕೇರಿ ಮರೆಯಿತು. ಆಮೇಲೆ ತನ್ನ ಹೆಸರು. ಯಾಕೆ ಬಂದೆ? ಯಾರಿಗಾಗಿ? ಹಾಗೇ ಕೂತುಬಿಡೋಣ ಅನ್ನಿಸಿತು.

ಕೂರುವಾಗ ಕೈ ಒಂದು ಗಂಟಿನ ಮೇಲೆ ಬಿತ್ತು. ಮಂಜಿನಲ್ಲಿ ದೋಣಿಗೆ ದೋಣಿ ತಾಗಿದರೆ ‘ಯಾರದಯ್ಯಾ ದೋಣಿ?’ ಅಂತ ಕೇಳುವುದು ಅಂಬಿಗರ ರೂಢಿ. ತಲೆ ಮರೆತರೂ ಬಾಯಿ ಮರೆಯಲಿಲ್ಲ. “ಯಾರಯ್ಯಾ ನೀನು?” ಅಂತ ಬಟ್ಟೆ ಬಿಚ್ಚಿದಳು. ಒಳಗೆ ಒಂದು ಗಾಜು, ಗಾಜಿಗೆ ಚೀಟಿ. ಓದಿದಳು: “ದೂರದ್ದನ್ನು ಹತ್ತಿರ ತರುವ ಗಾಜು. ಉಜ್ಜಿದವರು ಬಳೆಗಾರರ ನಾಗಪ್ಪ. ನೋಡಬಂದವರಿಗೆಲ್ಲ ಸೇರಿದ್ದು.” ಮುಂದಿನ ಗಂಟು. “ಯಾರಯ್ಯಾ ನೀನು?” “ಬೇರು ಕುಟ್ಟುವ ಯಂತ್ರ. ಕಟ್ಟಿದವರು ಸೂಲಗಿತ್ತಿ ಭರಮವ್ವ.” ಮುಂದಿನ ಗಂಟು. ಹೀಗೆ ಎಷ್ಟು ಬಿಚ್ಚಿದಳೋ, ಎಷ್ಟು ಓದಿದಳೋ. ಕೊನೆಗೊಂದು ಸಣ್ಣ ಗಂಟು, ಅಂಗೈಯಗಲದ್ದು. “ಉತ್ತರದ ಮೀನು. ಬಡಿದವರು ಅಂಬಿಗರ ಸಾತವ್ವ.”

ಸಾತವ್ವ. ಅಜ್ಜಿಯ ಅತ್ತೆ. ಅಜ್ಜಿ. ಅಪ್ಪ. ಅಪ್ಪಾ! ಎಲ್ಲ ಒಟ್ಟಿಗೇ ನೆನಪಾಗಿ ಚೆನ್ನಾಜಿ ಮೀನನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಆದರೆ ದೀಪದ ಎಣ್ಣೆಯಲ್ಲಿ ತೇಲಿಬಿಟ್ಟರೆ ಮೀನು ತಿರುಗಲಿಲ್ಲ. ತುಕ್ಕು ಹಿಡಿದು ಸುಮ್ಮನೆ ಮಲಗಿತ್ತು.

ಆಗ ಅವಳ ತಲೆಯ ಮೇಲೆ ಯಾರೋ ಉಸಿರಿಟ್ಟರು. ಚಾವಣಿ ಅಂದುಕೊಂಡದ್ದು ಚಾವಣಿಯಲ್ಲ, ಪಕ್ಕೆಲುಬು. ಹಿರಿಯ ಅರಸ ನಲವತ್ತು ಗಾಡಿ ಹೂಡಿ ಸಮುದ್ರದಿಂದ ತರಿಸಿದ್ದ ತಿಮಿಂಗಿಲದ ಎಲುಬುಗೂಡು, ಮಾಳಿಗೆಯ ಉದ್ದಕ್ಕೂ ಮಲಗಿತ್ತು.

“ಆ ಮೀನಿಗೆ ನಿದ್ದೆ ಹತ್ತಿದೆ ತಾಯಿ,” ಅಂದಿತು ತಿಮಿಂಗಿಲ. “ಒಬ್ಬರ ಕಣ್ಣಿಗೆ ಏಳೋದಿಲ್ಲ. ನಾವೆಲ್ಲ ಕತ್ತಲೆಯಲ್ಲಿರೋ ತನಕ ಮಂಜು ಕರಗೋದಿಲ್ಲ. ಅದರಲ್ಲಿ ನನ್ನ ಉಸಿರೇ ಅರ್ಧ. ನಿನ್ನಪ್ಪನನ್ನ ಹಿಡಿದಿರೋದು ನಾನೇ, ನನಗೆ ಬೇಕಾಗಿಲ್ಲದಿದ್ದರೂ. ಊರನ್ನು ಕರೆದುಕೊಂಡು ಬಾ. ನಮ್ಮನ್ನ ನೋಡಿ ಅಂತ ಹೇಳು.”

ದೂರದಲ್ಲಿ ಹುಂಜ ಕೂಗಿತು. ಆ ಕೂಗಿನ ಕಡೆಗೇ ನಡೆದು, ಮತ್ತೆ ಕೂಗುವತನಕ ನಿಂತು, ಮತ್ತೆ ನಡೆದು, ಮೀನನ್ನು ಮಡಿಲಲ್ಲಿಟ್ಟುಕೊಂಡು ಚೆನ್ನಾಜಿ ಹೊರಗೆ ಬಂದಳು. ನಾಲ್ಕಾರು ಗಳಿಗೆ ಆಗಿರಬೇಕು ಅಂದುಕೊಂಡಿದ್ದಳು. ಹೊರಗೆ ಮೂರು ದಿನ ಕಳೆದಿತ್ತು. ಮೆಟ್ಟಿಲ ಮೇಲೆ ಅಜ್ಜಿ ಕೂತಿದ್ದಳು. “ನಿನ್ನೆವರೆಗೂ ‘ಹೋ’ ಅಂತಿದ್ದ ಕಣೇ,” ಅಂದಳು. “ಇವತ್ತು ಬೆಳಗ್ಗೆಯಿಂದ ಅದೂ ಇಲ್ಲ.”

ಚೆನ್ನಾಜಿ ಒಡ್ಡೋಲಗಕ್ಕೆ ಓಡಿದಳು. ಹಿಂದೆ ಹುಲಿಯೂ ಬಂತು, ಹಾಗಾಗಿ ಕಾವಲಿನವರು ಯಾರೂ ತಡೆಯಲಿಲ್ಲ.

“ದೊರೆಗಳೇ, ನೆಲಮಾಳಿಗೆ ತೆರೆಸಿ. ಎಲ್ಲವನ್ನೂ ಜನ ನೋಡಲಿ. ಇಲ್ಲದಿದ್ದರೆ ನಮ್ಮಪ್ಪ ಬರೋದಿಲ್ಲ, ಹನ್ನೆರಡು ಮನೆಯ ಗಂಡಸರು ಬರೋದಿಲ್ಲ.”

“ಛೇ ಛೇ!” ಅಂದ ಮುಸುಕಯ್ಯ. “ಹೊತ್ತಿನ ಬಟ್ಟಲಿಗೆ ಏನಾಯಿತು ಅಂತ ಪ್ರಭುಗಳಿಗೆ ನೆನಪಿಲ್ಲವೇ?”

ಚೆನ್ನಾಜಿ ಮೇಣದ ಉಂಡೆಯನ್ನು ಅರಸನ ಅಂಗೈಯಲ್ಲಿಟ್ಟಳು. “ಬಟ್ಟಲಿಗೆ ಆದದ್ದು ಇದು. ಯಾರ ಹೆಬ್ಬೆರಳು ಅಂತ ನೀವೇ ನೋಡಿ.” ಅರಸ ಮೇಣ ನೋಡಿದ, ಮುಸುಕಯ್ಯನ ಕೈ ನೋಡಿದ. ಮುಸುಕಯ್ಯ ಕೈಯನ್ನು ಕರೀ ಬಟ್ಟೆಯೊಳಗೆ ಎಳೆದುಕೊಂಡ. ಹುಲಿ ಸುಮ್ಮನೆ ಆ ಬಟ್ಟೆಯ ತುದಿಯ ಮೇಲೆ ಪಂಜ ಇಟ್ಟಿತು.

ಅಷ್ಟಾದರೂ ಅರಸ ಬೆವರಿದ. “ಇವನು ಮೋಸಗಾರ ಸರಿಯಮ್ಮ. ಆದರೆ ದೃಷ್ಟಿ ಸುಳ್ಳಾ? ಒಂಬತ್ತು ಸಾವಿರ ಸಾಮಾನು, ನಮ್ಮಜ್ಜ ಜೀವ ತೇಯ್ದು ಕೂಡಿಸಿದ್ದು. ನನ್ನ ಕಾಲದಲ್ಲಿ ಒಂದು ಹಾಳಾದರೂ ಅವರಿಗೆ ಏನಂತ ಮುಖ ತೋರಿಸಲಿ? ನನಗೆ ಭಯ ಆಗುತ್ತೆ.”

ಪಾಪ, ಅವನು ಹೇಳಿದ್ದರಲ್ಲಿ ಕಪಟ ಇರಲಿಲ್ಲ. ಚೆನ್ನಾಜಿಗೆ ಸಿಟ್ಟು ಬಂದದ್ದು ಇಳಿಯಿತು. ಅವಳು ಮೆತ್ತಗೆ ಕೇಳಿದಳು, “ದೊರೆಗಳ ಕೆನ್ನೆ ಮೇಲೆ ಏನದು?”

“ದೃಷ್ಟಿಬೊಟ್ಟು. ನಮ್ಮಮ್ಮ ಇಟ್ಟು ರೂಢಿ ಮಾಡಿದ್ದು.”

“ನೀವು ಹುಟ್ಟಿದಾಗ ಊರ ಕಣ್ಣು ಬೀಳುತ್ತೆ ಅಂತ ನಿಮ್ಮ ತಾಯಿ ದೊಡ್ಡಮ್ಮಣ್ಣಿಯವರು ನಿಮ್ಮನ್ನ ಕರೀ ಬಟ್ಟೆ ಸುತ್ತಿ ನೆಲಮಾಳಿಗೆಯಲ್ಲಿ ಇಟ್ಟರಾ?”

“ಇಲ್ಲ. ಬೊಟ್ಟಿಟ್ಟು...” ಅರಸ ತಡವರಿಸಿದ. “ಬೊಟ್ಟಿಟ್ಟು, ಸೊಂಟದ ಮೇಲೆ ಕೂರಿಸಿಕೊಂಡು, ಬೀದಿಗೆಲ್ಲ ತೋರಿಸಿಕೊಂಡು ಬಂದರಂತೆ.”

“ನಮ್ಮಜ್ಜಿಯೂ ಅದನ್ನೇ ಮಾಡಿದ್ದು,” ಅಂತ ಚೆನ್ನಾಜಿ ಕಾಡಿಗೆ ಡಬ್ಬಿಯನ್ನು ಅವನ ಮುಂದೆ ಇಟ್ಟಳು. “ಬೊಟ್ಟಿಡೋದು ಆಚೆ ಕಳಿಸೋಕೆ, ದೊರೆಗಳೇ. ಮುಚ್ಚಿಡೋಕಲ್ಲ.”

ಅರಸ ಡಬ್ಬಿ ನೋಡಿದ. ಕೆನ್ನೆ ಮುಟ್ಟಿಕೊಂಡ. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. ನಲವತ್ತು ವರ್ಷದಲ್ಲಿ ಅವನು ಹಾಗೆ ನಕ್ಕದ್ದು ಅದೇ ಮೊದಲು. “ಡಂಗುರ ಹೊಡೆಸಿ!” ಅಂದ. “ಊರಲ್ಲಿರೋ ಕಾಡಿಗೆಯೆಲ್ಲ ಬರಲಿ!”

ಬಂತು ನೋಡಿ ಅಲೆಮಂಗಲ. ಹರಳೆಣ್ಣೆ ದೀಪದ ಕಾಡಿಗೆ, ತುಪ್ಪದ ದೀಪದ ಕಾಡಿಗೆ, ಏನೂ ಇಲ್ಲದವರು ಬಾಣಲೆಯ ಮಸಿ ಕೆರೆದುಕೊಂಡು ಬಂದರು. ಹೆಂಗಸರು ಒಳಗಿಳಿದರು, ಗಂಡಸರು ಗಂಟು ಹೊತ್ತು ಮೇಲೆ ತಂದರು. ಬೊಟ್ಟಿಡಬೇಕಾದರೆ ಸಾಮಾನನ್ನು ನೋಡಲೇಬೇಕಲ್ಲ! ಒಂದೊಂದು ಬೊಟ್ಟಿಗೂ ಒಂದೊಂದು ಉದ್ಗಾರ. “ಅಯ್ಯೋ ಇದು ನಮ್ಮ ತಾತ ಮಾಡಿದ ತಕ್ಕಡಿ!” “ಏ ಬಾರೇ ಇಲ್ಲಿ, ಈ ಕಲ್ಲಿನೊಳಗೆ ಮೀನಿದೆ!” “ನನಗೂ ತೋರಿಸ್ರೋ, ತಳ್ಳಬೇಡ್ರೋ!” ನಕ್ಷತ್ರದ ಬಳೆಗಳು ತಾವೇ ತಿರುಗಿದವು. ನಲವತ್ತು ವರ್ಷದ ಬೀಜಗಳು ಬುಟ್ಟಿಯಲ್ಲೇ ಮೊಳಕೆಯೊಡೆದವು. ಒಂದೊಂದು ಸಾಮಾನು ಕಣ್ಣಿಗೆ ಬಿದ್ದ ಹಾಗೆಲ್ಲ ಮುಸುಕಯ್ಯನ ಮುಖದಲ್ಲಿ ಒಂದೊಂದು ಸುಕ್ಕು ಬಿತ್ತು.

ಮೀನಿಗೆ ಬೊಟ್ಟಿಟ್ಟವಳು ಗಿರಿಯವ್ವ. ಸುತ್ತ ಅಂಬಿಗರ ಕೇರಿಯೆಲ್ಲ ಬಗ್ಗಿ ನೋಡಿತು. ಎಣ್ಣೆಯಲ್ಲಿ ಮೀನು ಮೆಲ್ಲಗೆ ನಡುಗಿ, ತುಕ್ಕು ಉದುರಿಸಿ, ಉತ್ತರಕ್ಕೆ ತಲೆ ಮಾಡಿತು.

ಚೆನ್ನಾಜಿ ಮೀನಿನ ಬಟ್ಟಲನ್ನು ಎತ್ತಿಕೊಂಡು ದೋಣಿ ಏರಿದಳು. ಮಂಜು ಇನ್ನೂ ಇತ್ತು, ಯಾಕೆಂದರೆ ತಿಮಿಂಗಿಲ ಇನ್ನೂ ಕತ್ತಲೆಯಲ್ಲಿತ್ತು. ಅಂದು ಎಲುಬು ಬಿಡಿಸಿ ಇಳಿಸಿದ್ದರು, ಈಗ ಉಸಿರಾಡುವುದನ್ನು ಬಿಡಿಸುವುದುಂಟೇ? ಬಾಗಿಲು ಸಣ್ಣದು, ಅದು ಹೊರಗೆ ಬರುವುದು ಹೇಗೆ? ಮೀನಿನ ಬಾಲದ ಕಡೆಗೆ, ದಕ್ಷಿಣಕ್ಕೆ, ಅವಳು ಹುಟ್ಟು ಹಾಕಿದಳು. ದಡ ಮರೆಯಾಯಿತು. ತನ್ನ ಕೈ ತನಗೆ ಕಾಣಲಿಲ್ಲ.

“ಅಪ್ಪಾ!” ಉತ್ತರವಿಲ್ಲ. “ಅಪ್ಪಾ!” ಉತ್ತರವಿಲ್ಲ. ತಡವಾಯಿತೇನೋ ಅನ್ನಿಸಿ ಅವಳ ಎದೆ ಒಡೆದುಹೋಯಿತು. ಹುಟ್ಟು ಮಾತ್ರ ನಿಲ್ಲಿಸಲಿಲ್ಲ.

ಇತ್ತ ಕೌತುಕಶಾಲೆಯಲ್ಲಿ ಎಲ್ಲರೂ ಮೂರನೇ ಬಾಗಿಲ ಮುಂದೆ ಹಿಂಜರಿದು ನಿಂತಿದ್ದರು. ಬೆಟ್ಟರಸ ಕಿರೀಟ ತೆಗೆದು ಮಂತ್ರಿಯ ಕೈಗೆ ಕೊಟ್ಟ. ಬಾಯಲ್ಲಿ “ಅಮ್ಮಾ ಅಮ್ಮಾ” ಅನ್ನುತ್ತಲೇ, ಹಾರೆ ಹಿಡಿದು, ಮಂಜಿನೊಳಗೆ ಮೊದಲು ಇಳಿದವನು ಅವನೇ. ಹೆದರುಪುಕ್ಕಲ ಇಳಿದಮೇಲೆ ಉಳಿದವರು ನಿಂತಾರೆಯೇ? “ಇದು ಹೊರಗೆ ಬರೋದಿಲ್ಲ ಅಂದರೆ ಬೆಳಕೇ ಒಳಗೆ ಬರಲಿ. ಗೋಡೆ ಒಡೀರಿ!” ಅಂದ. ದೊಡ್ಡನೀರಿನ ಕಡೆಯ ಗೋಡೆಗೆ ಐವತ್ತು ಹಾರೆ ಬಿದ್ದವು. ಕಲ್ಲು ಕಳಚಿತು. ಮಧ್ಯಾಹ್ನದ ಬಿಸಿಲು ಧುಮುಕಿ ಒಳಗೆ ಬಂತು. ಊರೆಲ್ಲ ತಲೆಯೆತ್ತಿ ಆ ಎಲುಬಿನ ಗೋಪುರವನ್ನು ನೋಡಿ ಬಾಯಿ ಬಿಟ್ಟು ನಿಂತಿತು. ಏಣಿ ಹಾಕಿ ಹತ್ತಿದ ಅರಸ ತಿಮಿಂಗಿಲದ ದವಡೆಯ ಮೇಲೆ ಅಂಗೈಯಗಲದ ಬೊಟ್ಟಿಟ್ಟ. ತಿಮಿಂಗಿಲ ಒಂದು ದೊಡ್ಡ ಉಸಿರು ಬಿಟ್ಟಿತು. ಅದು ನಿಟ್ಟುಸಿರಲ್ಲ. ಆ ಗಾಳಿಗೆ ದೊಡ್ಡನೀರಿನ ಮಂಜು ಎರಡಾಗಿ ಸೀಳಿತು.

ನೀರಿನ ನಡುವೆ ಚೆನ್ನಾಜಿಗೆ ಕೇಳಿಸಿತು: “ಹೋ.”

ಅವಳು ಹುಟ್ಟು ಎತ್ತಿ ಹಿಡಿದು ಕಿವಿಗೊಟ್ಟಳು.

“ಎಲ್ಲವ್ವಾ?” ಅಂತು ದನಿ. ಸ್ವಲ್ಪ ಹೊತ್ತು ಬಿಟ್ಟು, “ದಡ ಎಲ್ಲವ್ವಾ?” ಮತ್ತೆ, “ನನ್ ಮಗಳೇ, ದಡ ಎಲ್ಲವ್ವಾ?”

ಮಂಜು ಹರಿಯಿತು. ಹನ್ನೆರಡು ದೋಣಿಗಳು ಎದುರಿಗೇ ಇದ್ದವು. ಜೊಂಡಿನ ಹೊರೆಯ ಮೇಲೆ ಕೈಯೂರಿ ಎದ್ದ ಕಾಳಿಂಗಪ್ಪ ಕಣ್ಣು ಕಿರಿದು ಮಾಡಿ ನೋಡಿದ, ಕೆನ್ನೆಯ ಮೇಲಿನ ಕರೀ ಬೊಟ್ಟು ನೋಡಿದ. “ಚೆನ್ನಾಜೀ!” ಅಂದ.

“ಇಲ್ಲೇ ಇದೀನಿ ಅಪ್ಪಾ,” ಅಂದಳು ಅವಳು. ಈ ಸಲ ಕೂಗಬೇಕಾಗಿರಲಿಲ್ಲ.

ಮೀನಿನ ತಲೆಯ ಕಡೆಗೆ ಹನ್ನೆರಡು ದೋಣಿ, ಜೊತೆಗೆ ಅವಳದೊಂದು, ಸಾಲಾಗಿ ಬಂದವು. ದಡದಲ್ಲಿ ಗಿರಿಯವ್ವ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತಾ ಬೈಯುತ್ತಾ ಅನ್ನ ಬಡಿಸಿದಳು.

ಮುಸುಕಯ್ಯ ಏನಾದ ಅಂತೀರಾ? ಕುಡಿಯಲು ಮಂಜಿಲ್ಲದೆ ಒಂದೇ ಮಧ್ಯಾಹ್ನಕ್ಕೆ ನೂರನಲವತ್ತು ವರ್ಷವೂ ಅವನ ಮೈಮೇಲೆ ಬಂದು ಕೂತವು. ಕುಗ್ಗಿದ, ಕುಗ್ಗಿದ, ಕೊನೆಗೆ ಹುಲಿಯ ಪಂಜದಡಿ ಒಂದು ತುಂಡು ಕರೀ ಬಟ್ಟೆ ಉಳಿಯಿತು. ಕೌತುಕಶಾಲೆಯಲ್ಲಿ ಇವತ್ತಿಗೂ ಅದರಲ್ಲೇ ದೂಳು ಒರೆಸುತ್ತಾರೆ. ಒಳ್ಳೇ ಬಟ್ಟೆ, ಚೆನ್ನಾಗಿ ಒರೆಸುತ್ತದೆ.

ಒಡೆದ ಗೋಡೆಯನ್ನು ಅರಸ ಮತ್ತೆ ಕಟ್ಟಿಸಲಿಲ್ಲ. ಅಲ್ಲಿಗೇ ಮೆಟ್ಟಿಲು ಮಾಡಿಸಿದ. ಮಕ್ಕಳು ಹುಲಿಯ ಪಟ್ಟೆ ಎಣಿಸುತ್ತಾರೆ, ಲೆಕ್ಕ ತಪ್ಪಿದರೆ ಹುಲಿ ಮೊದಲಿಂದ ಎಣಿಸಿ ಅನ್ನುತ್ತದೆ. ಹುಂಜ ಗಳಿಗೆಗೊಮ್ಮೆ ಕೂಗುತ್ತದೆ. ಚೆನ್ನಾಜಿಯನ್ನೇ ಬೀಗದ ಕೈಯವಳಾಗು ಅಂದರು. ಅವಳು ಆಗಲಿ ಅಂತ ಒಪ್ಪಿಕೊಂಡು, ಕೈಗೊಂಚಲನ್ನು ಕರಗಿಸಿ ಬಲೆಯ ಸೂಜಿ ಮಾಡಿಸಿಕೊಂಡಳು.

ಉತ್ತರದ ಮೀನು ಈಗಲೂ ಬಾಗಿಲ ಪಕ್ಕದಲ್ಲೇ ಇದೆ, ಎಣ್ಣೆಯ ಬಟ್ಟಲಲ್ಲಿ, ತಲೆಯ ಮೇಲೊಂದು ಕರೀ ಬೊಟ್ಟಿಟ್ಟುಕೊಂಡು. ಮಂಜು ಬಿದ್ದ ದಿನ ಯಾವ ಅಂಬಿಗ ಬೇಕಾದರೂ ಎತ್ತಿಕೊಂಡು ಹೋಗುತ್ತಾನೆ, ಸಂಜೆಗೆ ತಂದಿಡುತ್ತಾನೆ. ಅದರ ಚೀಟಿಯಲ್ಲಿ ಹಿರಿಯ ಅರಸ ಬರೆದದ್ದು ಹಾಗೇ ಇದೆ. ಕೆಳಗೆ ಬೆಟ್ಟರಸ ತನ್ನ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾನೆ: ‘ಕಾಳಿಂಗಪ್ಪನನ್ನು ಮನೆಗೆ ತಂದದ್ದು.’